ದರ್ಪಣದಲ್ಲಿ ಚಲನೆಯನ್ನು ಕಂಡ ಎಮಿಲ್ ರೇನೋ

ಕನ್ನಡಿಯು ಇದ್ದುದನ್ನು ಇದ್ದಂತೆ ತೋರಿಸುವ ಸಾಧನವೆಂಬುದು ಲೋಕದ ತಿಳುವಳಿಕೆ. ಬಿಂಬ ನಿಂತರೆ ಪ್ರತಿಬಿಂಬವೂ ನಿಲ್ಲಬೇಕು. ಬಿಂಬ ಓಡಿದರೆ ಪ್ರತಿಬಿಂಬವೂ ಓಡಬೇಕು. ಆದರೆ ಓಡುತ್ತಿರುವ ಚಿತ್ರಗಳ ಪ್ರತಿಬಿಂಬವನ್ನು ಒಂದೆಡೆ ನಿಲ್ಲಿಸಿ, ಹಾಗೆ ನಿಂತ ಪ್ರತಿಬಿಂಬಗಳ ಪರಂಪರೆಯಿಂದಲೇ ಜೀವಂತವಾದ ಚಲನೆಯ ಭ್ರಮೆಯನ್ನು ಹುಟ್ಟಿಸಿದವನೊಬ್ಬನಿದ್ದನು. ಆತನೇ ಫ್ರಾನ್ಸ್ ದೇಶದ ಶಾರ್ಲ್ ಎಮಿಲ್ ರೇನೋ. ಚಲನಚಿತ್ರದ ಚರಿತ್ರೆಯನ್ನು 1895ರ ಲ್ಯೂಮಿಯೇರ್ ಸಹೋದರರಿಂದ ಆರಂಭಿಸುವುದು ವಾಡಿಕೆ. ಅದಕ್ಕೂ ಮೂರು ವರ್ಷ ಮೊದಲೇ ಪ್ಯಾರಿಸ್ ನಗರದ ಜನ ಹಣ ಕೊಟ್ಟು ಒಳಗೆ ಕುಳಿತು, ತೆರೆಯ ಮೇಲೆ ನಡೆದಾಡುವ, ಪ್ರೀತಿಸುವ, ಪೆಟ್ಟು ತಿನ್ನುವ ಬಣ್ಣದ ಪಾತ್ರಗಳನ್ನು ಕಂಡಿದ್ದರೆಂಬ ಸಂಗತಿಯನ್ನು ಬಲ್ಲವರು ವಿರಳ.

ರೇನೋ ಹುಟ್ಟಿದ್ದು 1844ನೆಯ ಇಸವಿ ಡಿಸೆಂಬರ್ 8ರಂದು, ಪ್ಯಾರಿಸ್ ನಗರಕ್ಕೆ ಅಂಟಿಕೊಂಡಂತಿರುವ ಮೊಂತ್ರೆಯ್ ಎಂಬಲ್ಲಿ. ತಂದೆ ಯಂತ್ರವಿದ್ಯೆಯನ್ನು ಬಲ್ಲವನು, ಪದಕಗಳನ್ನು ಕೆತ್ತುವುದರಲ್ಲಿ ನಿಪುಣ. ತಾಯಿ ನೀರುಬಣ್ಣದ ಚಿತ್ರಕಾರ್ತಿ. ಪುಷ್ಪಚಿತ್ರಗಳಿಗೆ ಹೆಸರಾದ ರೆದೂತೆಯ ಬಳಿ ಅಭ್ಯಾಸ ಮಾಡಿದವಳು. ಬಾಲಕನಿಗೆ ಮನೆಯೇ ಪಾಠಶಾಲೆಯಾಯಿತು. ತಂದೆಯ ಪಕ್ಕದಲ್ಲಿ ಕುಳಿತು ಅರ, ತಿರುಪು, ಹಲ್ಲುಗಾಲಿಗಳ ಮರ್ಮವನ್ನು ಅರಿತನು. ತಾಯಿಯ ಪಕ್ಕದಲ್ಲಿ ಕುಳಿತು ಕುಂಚ ಹಿಡಿಯುವುದನ್ನು ಕಲಿತನು. ಮುಂದೆ ಆತನು ರಚಿಸಿದುದೆಲ್ಲ ಈ ಎರಡು ವಿದ್ಯೆಗಳ ಸಂಗಮವೇ ಆಗಿದೆ. ಹರೆಯದಲ್ಲಿ ಪ್ಯಾರಿಸ್ಸಿನ ಸೂಕ್ಷ್ಮಯಂತ್ರಗಳ ಕಾರ್ಯಾಗಾರವೊಂದರಲ್ಲಿ ದುಡಿದು, ಬಳಿಕ ಶಿಲ್ಪಿಯೂ ಛಾಯಾಗ್ರಾಹಕನೂ ಆಗಿದ್ದ ಅದಾಂ-ಸಾಲೊಮೊಂ ಎಂಬವನಲ್ಲಿ ಭಾವಚಿತ್ರಗಳನ್ನು ತಿದ್ದುವ ಕೆಲಸ ಮಾಡಿದನು.

ಆ ದಿನಗಳಲ್ಲಿಯೇ ಆತನಿಗೆ ಗುರುವೊಬ್ಬರು ದೊರೆತರು. ಅವರು ಮ್ವಾನ್ಯೊ ಎಂಬ ಪಾದ್ರಿಗಳು. ಧರ್ಮಪೀಠದ ಸೇವೆಯಲ್ಲಿದ್ದರೂ ಭೌತಶಾಸ್ತ್ರದ ಮೇಲೆ ಅಪಾರವಾದ ಮಮತೆ ಅವರಿಗಿತ್ತು. ವಿಜ್ಞಾನವು ವಿದ್ವತ್ಸಭೆಗಳ ನಾಲ್ಕು ಗೋಡೆಗಳೊಳಗೆ ಉಳಿಯಬಾರದು, ಅಕ್ಷರ ಬಾರದವನಿಗೂ ತಲುಪಬೇಕು, ಅದಕ್ಕೆ ಕಣ್ಣಿನ ಮೂಲಕ ಬೋಧಿಸುವುದೇ ದಾರಿ ಎಂಬುದು ಅವರ ನಿಲುವು. ಮ್ಯಾಜಿಕ್ ಲ್ಯಾಂಟರ್ನ್ ಎಂದು ಹೆಸರಾದ ಮಾಯಾದೀಪವನ್ನು ಬೆಳಗಿಸಿ, ಗಾಜಿನ ಮೇಲಿನ ಚಿತ್ರಗಳನ್ನು ಬಿಳಿಯ ತೆರೆಗೆ ಹಾಯಿಸಿ ಅವರು ಉಪನ್ಯಾಸ ಮಾಡುತ್ತಿದ್ದರು. ತರುಣ ರೇನೋ ಮೊದಲು ಕೇಳುಗನಾಗಿ ಹೋದನು, ಆಮೇಲೆ ಸಹಾಯಕನಾದನು.

1865ರಲ್ಲಿ ತಂದೆ ತೀರಿಕೊಂಡನು. ಮಗನು ತಾಯಿಯೊಡನೆ ತಂದೆಯ ಸೀಮೆಯಾದ ಲ ಪ್ವಿ ಎಂಬ ಬೆಟ್ಟದ ಊರಿಗೆ ಹೋಗಿ ನೆಲೆಸಿದನು. ಅಲ್ಲಿ ವೈದ್ಯನಾಗಿದ್ದ ಬಂಧುವೊಬ್ಬನ ಆಶ್ರಯದಲ್ಲಿ ಗ್ರೀಕ್, ಲ್ಯಾಟಿನ್ ಭಾಷೆಗಳನ್ನೂ ಪ್ರಕೃತಿಶಾಸ್ತ್ರವನ್ನೂ ಓದಿಕೊಂಡನು. 1873ರಿಂದ 1877ರವರೆಗೆ ಆ ಊರಿನ ಜನರಿಗೆ ಆತನು ನಡೆಸಿದ ವಿಜ್ಞಾನದ ಪಾಠಗಳು ಉಚಿತವಾದವು. ಶುಲ್ಕವಿಲ್ಲ, ಪ್ರವೇಶಕ್ಕೆ ಅರ್ಹತೆಯ ಕಟ್ಟಳೆಯಿಲ್ಲ, ಬಂದವರೆಲ್ಲರೂ ವಿದ್ಯಾರ್ಥಿಗಳೇ. ಗುರುಗಳಿಂದ ಕಲಿತ ಮಾಯಾದೀಪವನ್ನು ಬಳಸಿ, ಚಿತ್ರಗಳನ್ನು ತಾನೇ ಸಿದ್ಧಪಡಿಸಿಕೊಂಡು, ಬೆಳಕು, ಶಬ್ದ, ವಿದ್ಯುತ್ತುಗಳ ಗುಣಗಳನ್ನು ಆತನು ತೋರಿಸಿ ತಿಳಿಸುತ್ತಿದ್ದನು. ನಮ್ಮಲ್ಲಿ ಜ್ಞಾನದಾಸೋಹವೆಂದು ಕರೆಯುವುದಕ್ಕೆ ಇದಕ್ಕಿಂತ ಹತ್ತಿರವಾದ ಉದಾಹರಣೆಯನ್ನು ಆ ನಾಡಿನಲ್ಲಿ ಹುಡುಕುವುದು ಕಷ್ಟ.

ಮುಂದಿನ ಶೋಧದ ಬೀಜ ಬಿದ್ದದ್ದು ಇಲ್ಲಿಯೇ. ಚಿತ್ರಗಳನ್ನು ಚಲಿಸುವಂತೆ ತೋರಿಸುವ ಆಟಿಕೆಗಳು ಆಗಲೇ ಯೂರೋಪಿನಲ್ಲಿದ್ದವು. 1832ರಲ್ಲಿ ಬೆಲ್ಜಿಯಮ್ಮಿನ ಪ್ಲಾಟೋ ಎಂಬ ಭೌತಶಾಸ್ತ್ರಜ್ಞನು ಚಿತ್ರಗಳನ್ನು ಬರೆದ ಬಿಲ್ಲೆಯೊಂದನ್ನು ರಚಿಸಿದ್ದನು. ಅನಂತರ ಡಮರಿನಾಕಾರದ ಝೋಯಿಟ್ರೋಪ್ ಬಂದಿತು. ಒಂದು ಕ್ರಿಯೆಯ ಕ್ರಮಾಗತವಾದ ಹತ್ತು ಹನ್ನೆರಡು ಭಂಗಿಗಳು ವೇಗವಾಗಿ ಒಂದರ ಹಿಂದೆ ಒಂದು ಕಾಣಿಸಿಕೊಂಡರೆ, ಅವುಗಳ ನಡುವಣ ಅಂತರವನ್ನು ನೋಡುವವನ ಮನಸ್ಸೇ ತುಂಬಿಕೊಂಡು ಚಲನೆಯನ್ನು ಕಾಣುತ್ತದೆ. ಆದರೆ ಆ ಯಂತ್ರಗಳಲ್ಲಿ ಚಿತ್ರವನ್ನು ಕಿರಿದಾದ ಸೀಳುಗಳ ಮೂಲಕವೇ ನೋಡಬೇಕಾಗಿತ್ತು. ಸೀಳು ಕಣ್ಣ ಮುಂದೆ ಹಾದ ಕ್ಷಣ ಮಾತ್ರ ಬೆಳಕು. ಮಿಕ್ಕ ಕಾಲವೆಲ್ಲ ಕತ್ತಲೆ. ಆದ್ದರಿಂದ ಚಿತ್ರ ಮಸುಕಾಗುತ್ತಿತ್ತು, ಆಕೃತಿ ವಿಕಾರವಾಗುತ್ತಿತ್ತು. ಸೀಳನ್ನು ಅಗಲ ಮಾಡಿದರೆ ಎಲ್ಲವೂ ಕಲಸಿಹೋಗುತ್ತಿತ್ತು.

ರೇನೋ ಸೀಳುಗಳನ್ನೇ ತೆಗೆದುಹಾಕಿದನು. ಹಳೆಯ ಬಿಸ್ಕತ್ತಿನ ಡಬ್ಬಿಯೊಂದನ್ನು ಕತ್ತರಿಸಿ ಆತನು ಮೊದಲ ಮಾದರಿಯನ್ನು ಮಾಡಿಕೊಂಡನೆಂದು ಪ್ರತೀತಿ. ದುಂಡನೆಯ ಡಬ್ಬಿಯ ಒಳಗೋಡೆಗೆ ಹನ್ನೆರಡು ಚಿತ್ರಗಳ ಪಟ್ಟಿಯನ್ನು ಹೊಂದಿಸಿದನು. ನಡುವೆ ಹನ್ನೆರಡು ಮುಖಗಳ ಸ್ತಂಭವನ್ನು ನಿಲ್ಲಿಸಿ, ಪ್ರತಿ ಮುಖಕ್ಕೂ ಒಂದೊಂದು ಚಪ್ಪಟೆಯಾದ ಕನ್ನಡಿಯನ್ನು ಕೂಡಿಸಿದನು. ಈ ರಚನೆಯ ಗುಟ್ಟೆಲ್ಲ ಒಂದು ಅಳತೆಯಲ್ಲಿದೆ. ಡಬ್ಬಿಯ ಕೇಂದ್ರದಿಂದ ಕನ್ನಡಿಗೆ ಎಷ್ಟು ದೂರವೋ, ಕನ್ನಡಿಯಿಂದ ಚಿತ್ರಕ್ಕೂ ಅಷ್ಟೇ ದೂರ. ವಸ್ತುವು ಕನ್ನಡಿಯ ಮುಂದೆ ಎಷ್ಟು ದೂರದಲ್ಲಿದೆಯೋ ಅದರ ಪ್ರತಿಬಿಂಬವು ಕನ್ನಡಿಯ ಹಿಂದೆ ಅಷ್ಟೇ ದೂರದಲ್ಲಿ ತೋರುತ್ತದೆಂಬುದು ಬೆಳಕಿನ ನಿಯಮ. ಹಾಗಾಗಿ ಪ್ರತಿಯೊಂದು ಚಿತ್ರದ ಪ್ರತಿಬಿಂಬವೂ ಡಬ್ಬಿಯ ನಟ್ಟನಡುವಿನ ಅಚ್ಚಿನ ಮೇಲೆಯೇ ಬಂದು ನಿಲ್ಲುತ್ತದೆ. ಡಬ್ಬಿ ಸುತ್ತಿದರೂ ಅಚ್ಚು ಕದಲುವುದಿಲ್ಲ. ಅಚ್ಚಿನ ಮೇಲಿನ ಪ್ರತಿಬಿಂಬವೂ ಕದಲುವುದಿಲ್ಲ. ಒಂದು ಕನ್ನಡಿ ಸರಿದು ಇನ್ನೊಂದು ಬರುವಾಗ ಒಂದು ಭಂಗಿ ಕರಗಿ ಮುಂದಿನ ಭಂಗಿಯಾಗುತ್ತದೆ. ನಡುವೆ ಕತ್ತಲೆಗೆ ಎಡೆಯೇ ಇಲ್ಲ.

ಇದಕ್ಕೆ ಆತನು ಪ್ರಾಕ್ಸಿನೋಸ್ಕೋಪ್ ಎಂದು ಹೆಸರಿಟ್ಟು 1877ರಲ್ಲಿ ಪೇಟೆಂಟ್ ಪಡೆದನು. ಲ ಪ್ವಿಯನ್ನು ಬಿಟ್ಟು ಪ್ಯಾರಿಸ್ಸಿಗೆ ಬಂದು ರೊದಿಯೆ ಬೀದಿಯಲ್ಲಿ ಕಾರ್ಯಾಗಾರವನ್ನು ತೆರೆದನು. 1878ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಅದಕ್ಕೆ ಗೌರವಪೂರ್ವಕವಾದ ಮನ್ನಣೆ ದೊರೆಯಿತು. ಹಗ್ಗ ಹಾರುವ ಬಾಲೆ, ಸಾಬೂನಿನ ಗುಳ್ಳೆ ಊದುವ ಹುಡುಗ, ಕಾಳು ತಿನ್ನುವ ಕೋಳಿಮರಿಗಳು ಮೊದಲಾದ ಪಟ್ಟಿಗಳು ಬಣ್ಣದಲ್ಲಿ ಅಚ್ಚಾಗಿ ಮನೆಮನೆಗೆ ಹೋದವು. 1879ರಲ್ಲಿ ಆತನು ಇನ್ನೊಂದು ಹೆಜ್ಜೆ ಮುಂದಿಟ್ಟನು. ಕಪ್ಪು ಹಿನ್ನೆಲೆಯ ಮೇಲೆ ಪಾತ್ರವನ್ನಷ್ಟೇ ಬರೆದು, ಯಂತ್ರದ ಮುಂದೆ ಪಾದರಸ ಬಳಿಯದ ಬರಿಯ ಗಾಜೊಂದನ್ನು ನಿಲ್ಲಿಸಿದನು. ತೋಟ, ಬೀದಿ, ರಂಗಸಜ್ಜಿಕೆಗಳ ಚಿತ್ರ ಆ ಗಾಜಿನಲ್ಲಿ ಪ್ರತಿಫಲಿಸುತ್ತಿತ್ತು. ಅದರ ಹಿಂದೆ ಪಾತ್ರವು ಚಲಿಸುತ್ತಿತ್ತು. ನೋಡುವವನಿಗೆ ಅದು ಆ ತೋಟದೊಳಗೇ ಓಡಾಡುವಂತೆ ತೋರುತ್ತಿತ್ತು. ಪಾತ್ರ ಬೇರೆ, ಲೋಕ ಬೇರೆಯಾಗಿದ್ದರೂ ಎರಡೂ ಒಂದೆಡೆ ಸೇರಿ ನೋಟಕನನ್ನು ಒಳಗೆ ಸೆಳೆದುಕೊಳ್ಳುವ ಈ ಉಪಾಯವನ್ನು ಆತನು ಕೊನೆಯವರೆಗೂ ಬಿಡಲಿಲ್ಲ. 1880ರಲ್ಲಿ ಅದನ್ನೇ ದೀಪದ ಬೆಳಕಿನಿಂದ ತೆರೆಯ ಮೇಲೆ ಹಾಯಿಸುವ ಯಂತ್ರವೂ ಸಿದ್ಧವಾಯಿತು.

ಹನ್ನೆರಡು ಚಿತ್ರಗಳೆಂದರೆ ಒಂದೇ ಕ್ರಿಯೆ, ಕತೆಯಲ್ಲ. ಹಗ್ಗ ಹಾರುವ ಬಾಲೆ ಎಷ್ಟು ಸುತ್ತು ಸುತ್ತಿದರೂ ಹಗ್ಗವನ್ನೇ ಹಾರುತ್ತಿರಬೇಕು. ಈ ವೃತ್ತವನ್ನು ಮುರಿಯಲು ರೇನೋಗೆ ಎಂಟು ವರ್ಷಗಳೇ ಬೇಕಾದವು. 1888ರ ಡಿಸೆಂಬರ್ 1ರಂದು ಆತನು ಪೇಟೆಂಟಿಗೆ ಸಲ್ಲಿಸಿದ ಹೊಸ ಯಂತ್ರವೇ ಥಿಯಾತ್ರ್ ಆಪ್ಟೀಕ್, ಅಂದರೆ ದೃಗ್ರಂಗ. ಪಾರದರ್ಶಕವಾದ ಜೆಲಟಿನ್ ತುಂಡುಗಳ ಮೇಲೆ ಕೈಯಿಂದಲೇ ಬಣ್ಣದ ಚಿತ್ರಗಳನ್ನು ಬರೆದು, ಅವುಗಳನ್ನು ಉದ್ದನೆಯ ಪಟ್ಟಿಯಲ್ಲಿ ಜೋಡಿಸಿ, ಚಿತ್ರ ಚಿತ್ರದ ನಡುವೆ ಒಂದೊಂದು ರಂಧ್ರವನ್ನು ಕೊರೆದನು. ಆ ರಂಧ್ರಗಳು ಚಕ್ರದ ಮೊಳೆಗಳಿಗೆ ಸಿಕ್ಕಿ ಪಟ್ಟಿಯು ಜಾರದಂತೆ ಮುಂದೆ ಸಾಗುತ್ತಿತ್ತು. ದೀಪದ ಬೆಳಕು ಚಿತ್ರವನ್ನು ಭೇದಿಸಿ, ತಿರುಗುವ ಕನ್ನಡಿಗಳ ಚಕ್ರಕ್ಕೆ ತಾಗಿ, ಮಸೂರವನ್ನು ದಾಟಿ, ಓರೆಯಾಗಿ ನಿಲ್ಲಿಸಿದ ಮತ್ತೊಂದು ಕನ್ನಡಿಯಿಂದ ತೆರೆಯ ಹಿಂಬದಿಗೆ ಹಾಯುತ್ತಿತ್ತು. ಹಿನ್ನೆಲೆಯ ದೃಶ್ಯವನ್ನು ಬೇರೊಂದು ಮಾಯಾದೀಪವು ಅದೇ ತೆರೆಗೆ ಬೀರುತ್ತಿತ್ತು. ಪ್ರೇಕ್ಷಕರು ತೆರೆಯ ಇತ್ತ ಕಡೆ. ಯಂತ್ರವೂ ಅದನ್ನು ನಡೆಸುವವನೂ ಅತ್ತ ಕಡೆ, ಕಣ್ಣಿಗೆ ಬೀಳದಂತೆ.

1892ರ ಅಕ್ಟೋಬರ್ 28ರಂದು ಪ್ಯಾರಿಸ್ಸಿನ ಮೊಂಮಾರ್ತ್ರ್ ಹೆದ್ದಾರಿಯಲ್ಲಿದ್ದ ಗ್ರೇವ್ಯಾಂ ಮೇಣದ ಬೊಂಬೆಗಳ ಸಂಗ್ರಹಾಲಯದಲ್ಲಿ ಮೊದಲ ಸಾರ್ವಜನಿಕ ಪ್ರದರ್ಶನ ನಡೆಯಿತು. ಬಡ ಪಿಯರೋ ಎಂಬ ವಿದೂಷಕನ ಕತೆ, ನಾಯಿಗಳನ್ನು ಆಡಿಸುವ ಕೋಡಂಗಿಯ ಕತೆ, ಬೀರು ಕುಡಿಯುವವನ ಕತೆ, ಹೀಗೆ ಮೂರು ಆಟಗಳಿದ್ದವು. ಗಾಸ್ತೋಂ ಪೋಲ್ಯಾಂ ಎಂಬ ಸಂಗೀತಗಾರ ಅವಕ್ಕೆಂದೇ ಸಂಗೀತವನ್ನು ರಚಿಸಿದ್ದನು. ಪಿಯರೋನ ಕತೆಯಲ್ಲಿದ್ದುದು ಸುಮಾರು 500 ಚಿತ್ರಗಳು. ನಡೆಯುತ್ತಿದ್ದುದು ಹತ್ತಿರ ಹತ್ತಿರ ಹದಿನೈದು ನಿಮಿಷ. ಇದು ಹೇಗೆ ಸಾಧ್ಯವಾಯಿತೆಂದರೆ ರೇನೋನ ಕೈಗಳಿಂದ. ಆತನು ಎರಡು ರಾಟೆಗಳನ್ನು ಎರಡು ಕೈಗಳಿಂದ ತಿರುಗಿಸುತ್ತ, ಬೇಕಾದಲ್ಲಿ ನಿಲ್ಲಿಸಿ, ಬೇಕಾದಲ್ಲಿ ಹಿಂದಕ್ಕೆ ಸುತ್ತಿ ಮತ್ತೆ ಮುಂದಕ್ಕೆ ಬಿಡುತ್ತಿದ್ದನು. ಪಿಯರೋ ಅನುಮಾನಿಸಿ ನಿಂತರೆ ಆತನ ಕೈ ನಿಂತಿದೆ ಎಂದೇ ಅರ್ಥ. ವೈಣಿಕನ ಬೆರಳು ಗಮಕವನ್ನು ಎಳೆಯುವ ಹಾಗೆ ಆತನ ಕೈ ಕಾಲವನ್ನೇ ಎಳೆಯುತ್ತಿತ್ತು.

ಪ್ರಶಂಸೆ ಬಂದಿತು, ಅದರೊಡನೆ ಬಂಧನವೂ ಬಂದಿತು. ಸಂಗ್ರಹಾಲಯದೊಡನೆ ಆತನು ಮಾಡಿಕೊಂಡ ಕರಾರಿನಂತೆ ತಿಂಗಳಿಗೆ 500 ಫ್ರಾಂಕ್ ಸಂಬಳ, ಟಿಕೆಟ್ಟಿನ ಹುಟ್ಟುವಳಿಯಲ್ಲಿ ನೂರಕ್ಕೆ ಹತ್ತರಷ್ಟು ಪಾಲು. ಪ್ರತಿಯಾಗಿ ಆತನು ಯಂತ್ರವನ್ನು ಬೇರೆಯವರಿಗೆ ಮಾರಕೂಡದು, ಬೇರೆಲ್ಲಿಯೂ ಆಟ ತೋರಿಸಕೂಡದು. ಸವೆದ ಪಟ್ಟಿಗಳನ್ನು ತಾನೇ ದುರಸ್ತಿ ಮಾಡಬೇಕು. ದಿನಕ್ಕೆ ಹಲವು ಆಟಗಳನ್ನು, ಭಾನುವಾರ ಹಬ್ಬಗಳಂದು ಇನ್ನೂ ಹೆಚ್ಚು ಆಟಗಳನ್ನು ನಡೆಸಬೇಕು. ಹಸುವನ್ನು ಒತ್ತೆಯಿಟ್ಟು ಅದೇ ಹಸುವಿಗೆ ಮೇವು ತರುವ ಕೂಲಿಗೆ ನಿಂತಂತಾಯಿತು. ವ್ಯವಹಾರ ಬಲ್ಲವನು ಯಾರೂ ಇಂಥ ಕಾಗದಕ್ಕೆ ರುಜು ಹಾಕುತ್ತಿರಲಿಲ್ಲ. ಹೊಸ ಆಟಗಳನ್ನು ಬರೆಯಲು ಬಿಡುವು ಬೇಕಾಗಿ 1894ರಲ್ಲಿ ಕೆಲವು ತಿಂಗಳು ಪ್ರದರ್ಶನವನ್ನು ನಿಲ್ಲಿಸಿ, ಕಡಲತೀರದ ಸ್ನಾನದ ಗುಡಿಸಲನ್ನು ಕುರಿತ 636 ಚಿತ್ರಗಳ ಆಟವನ್ನೂ ಇನ್ನೊಂದನ್ನೂ ಆತನು ಸಿದ್ಧಪಡಿಸಿದನು.

ಅಷ್ಟರಲ್ಲಿ ಕಾಲ ತಿರುಗಿತು. 1895ರ ಡಿಸೆಂಬರ್ 28ರಂದು, ಅದೇ ಹೆದ್ದಾರಿಗಳ ಸಾಲಿನಲ್ಲಿ ತುಸು ದೂರದ ಗ್ರಾಂದ್ ಕಫೆಯ ನೆಲಮಾಳಿಗೆಯಲ್ಲಿ ಲ್ಯೂಮಿಯೇರ್ ಸಹೋದರರು ತಮ್ಮ ಸಿನಿಮಾಟೋಗ್ರಾಫನ್ನು ಜನರ ಮುಂದಿಟ್ಟರು. ರೇನೋ ತಿಂಗಳುಗಟ್ಟಲೆ ಕುಳಿತು ಬರೆಯುತ್ತಿದ್ದುದನ್ನು ಅವರ ಪೆಟ್ಟಿಗೆ ಒಂದು ನಿಮಿಷದೊಳಗೆ ಹಿಡಿಯುತ್ತಿತ್ತು. ಅವರ ಚಿತ್ರಗಳು ಕಪ್ಪುಬಿಳುಪು, ಕತೆ ಅತ್ಯಲ್ಪ. ಆದರೂ ಗೋಡೆ ಬಿದ್ದರೆ ಧೂಳು ಏಳುತ್ತಿತ್ತು, ಮರದ ಎಲೆ ಅಲುಗುತ್ತಿತ್ತು. ಜನರಿಗೆ ಅಷ್ಟು ಸಾಕಾಯಿತು. ರೇನೋ ಸುಮ್ಮನೆ ಕೂಡಲಿಲ್ಲ. 1896ರಲ್ಲಿ ಕೋಡಂಗಿಗಳಿಬ್ಬರ ವಿಲಿಯಂ ಟೆಲ್ ಪ್ರಹಸನವನ್ನು ಛಾಯಾಚಿತ್ರಗಳಲ್ಲಿ ಹಿಡಿದನು. ಆದರೆ ಹಿಡಿದುದನ್ನು ಹಾಗೆಯೇ ತೋರಿಸಲು ಆತನಿಗೆ ಮನಸ್ಸಾಗಲಿಲ್ಲ. ಬೇಕಾದ ಭಂಗಿಗಳನ್ನು ಆಯ್ದು, ಒಂದೊಂದಕ್ಕೂ ಕೈಯಿಂದ ಬಣ್ಣ ತುಂಬಿ ತನ್ನ ಪಟ್ಟಿಗೆ ಹೊಂದಿಸಿದನು. ಇದನ್ನು ಕೆಲವರು ಹಠವೆನ್ನುತ್ತಾರೆ. ಕೈಯ ಕೆಲಸವನ್ನೇ ಕಾಯಕವೆಂದು ನಂಬಿದವನಿಗೆ ಅದು ಹಠವೆಂದು ತೋರಿರಲಾರದು. ಆದರೆ ಅದರ ಬೆಲೆಯನ್ನು ಆತನು ತೆತ್ತದ್ದು ಮಾತ್ರ ನಿಜ.

1900ನೆಯ ಇಸವಿಯ ಫೆಬ್ರವರಿ ಮುಗಿಯುತ್ತಿದ್ದಂತೆ ಗ್ರೇವ್ಯಾಂನಲ್ಲಿ ಆತನ ಆಟಗಳು ನಿಂತವು. ಅದುವರೆಗೆ 12,800ಕ್ಕೂ ಹೆಚ್ಚು ಪ್ರದರ್ಶನಗಳಾಗಿದ್ದವು, ಸುಮಾರು ಐದು ಲಕ್ಷ ಜನ ನೋಡಿದ್ದರು. 1902ರಲ್ಲಿ, ಎರಡು ಕಣ್ಣುಗಳಿಗೆ ಎರಡು ಚಿತ್ರಗಳನ್ನು ಕೊಟ್ಟು ಚಲಿಸುವ ಆಕೃತಿಗೆ ಆಳವನ್ನೂ ತೋರಿಸುವ ಯಂತ್ರವನ್ನು ಕನ್ನಡಿಗಳಿಂದಲೇ ರಚಿಸಿದನು, ಅದನ್ನು ಕೊಳ್ಳುವವರಿರಲಿಲ್ಲ. ಬಡತನ ಮನೆಯನ್ನು ಹೊಕ್ಕಿತು. 1910ರ ಸುಮಾರಿಗೆ, ನಿರಾಶೆ ಮಿತಿಮೀರಿದ ಒಂದು ಗಳಿಗೆಯಲ್ಲಿ, ದೃಗ್ರಂಗದ ಯಂತ್ರವನ್ನು ಸುತ್ತಿಗೆಯಿಂದ ಒಡೆದುಹಾಕಿದನು. 1913ರಲ್ಲಿ ಒಂದೊಂದಾಗಿ ಬರೆದ ಸಾವಿರಾರು ಚಿತ್ರಗಳ ಪಟ್ಟಿಗಳನ್ನು ಸೇನ್ ನದಿಗೆ ಎಸೆದನು. ಸ್ವಂತ ಕೃತಿಯನ್ನು ಕರ್ತೃವೇ ನೀರಿಗೆ ಬಿಡುವಾಗ ಆತನ ಒಳಗೆ ಏನಾಗಿರಬೇಕೆಂಬುದನ್ನು ಮಾತಿನಿಂದ ಹೇಳಲಾಗದು. ಮಹಾಯುದ್ಧದ ನಡುವೆ, 1918ರ ಜನವರಿ 9ರಂದು, ಪ್ಯಾರಿಸ್ಸಿನ ಅಂಚಿನ ಈವ್ರಿಯ ಆಸ್ಪತ್ರೆಯಲ್ಲಿ ಆತನು ಕಣ್ಣು ಮುಚ್ಚಿದನು. ಆಗ 73 ವರ್ಷ.

ಅಕ್ಟೋಬರ್ 28ನೆಯ ದಿನವನ್ನು ಸಚೇತನ ಚಿತ್ರಗಳ ಅಂತಾರಾಷ್ಟ್ರೀಯ ದಿನವೆಂದು ಆ ಕಲೆಯ ಜಾಗತಿಕ ಸಂಘವು 2002ರಿಂದ ಆಚರಿಸುತ್ತಿದೆ. 2015ರಲ್ಲಿ ಯುನೆಸ್ಕೋ ತನ್ನ ಜಾಗತಿಕ ಸ್ಮೃತಿಯ ಪಟ್ಟಿಯಲ್ಲಿ ರೇನೋನ ಚಿತ್ರಾವಳಿಗಳನ್ನು ಸೇರಿಸಿಕೊಂಡಿತು. ನದಿಗೆ ಹೋಗದೆ ಉಳಿದ ಆಟಗಳು ಎರಡೇ: ಬಡ ಪಿಯರೋ ಮತ್ತು ಕಡಲತೀರದ ಗುಡಿಸಲು. ಅವನ್ನು ಇಂದಿನ ಸಿನಿಮಾ ರೀಲಿಗೆ ಇಳಿಸಹೊರಟವರಿಗೆ ಒಂದು ತೊಡಕು ಎದುರಾಯಿತು. ಸೆಕೆಂಡಿಗೆ 24 ಚಿತ್ರಗಳಂತೆ ಓಡಿಸಿದರೆ ಪಿಯರೋನ 500 ಚಿತ್ರಗಳು 21 ಸೆಕೆಂಡುಗಳಲ್ಲಿ ಮುಗಿದುಹೋಗುತ್ತವೆ. ಕೊನೆಗೆ ಅವರು ಒಂದೊಂದು ಚಿತ್ರವನ್ನು ಹಲವು ಸಲ ತೆಗೆದು, ಕೆಲವೆಡೆ ತಡೆದು, ಕೆಲವೆಡೆ ಹಿಂದಕ್ಕೆ ಸುತ್ತಿ, ತೆರೆಯ ಹಿಂದೆ ನಿಂತ ಆ ಎರಡು ಕೈಗಳ ಕೆಲಸವನ್ನು ಯಂತ್ರದಿಂದ ಮಾಡಿಸಬೇಕಾಯಿತು.