ಡಿಗ್ರಿ ಇಲ್ಲ ಅಂತ ಕೆಲಸ ತಪ್ಪಿತು. ರಂಗನತಿಟ್ಟನ್ನು ಹಕ್ಕಿಗಳಿಗೆ ಉಳಿಸಿಕೊಟ್ಟ ಸಲೀಂ ಅಲಿ

ಶ್ರೀರಂಗಪಟ್ಟಣ: ರಂಗನತಿಟ್ಟಿಗೆ ಬಂದವರು ದೋಣಿ ಹತ್ತುತ್ತಾರೆ. ಬಂಡೆ ಮೇಲೆ ಮಲಗಿರೋ ಮೊಸಳೆ ನೋಡ್ತಾರೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳ ಫೋಟೊ ತೆಗೆದುಕೊಂಡು ಹೊರಡ್ತಾರೆ. ಕಾವೇರಿ ನಡುವಿನ ಈ ಪುಟ್ಟ ನಡುಗಡ್ಡೆಗಳು ಪಕ್ಷಿಧಾಮ ಆಗಿದ್ದು ಯಾರಿಂದ ಅನ್ನೋದು ಮಾತ್ರ ಬಹಳ ಜನರಿಗೆ ಗೊತ್ತಿಲ್ಲ. ಅವರೇ ಸಲೀಂ ಅಲಿ.

ಸಲೀಂ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬೈನಲ್ಲಿ. ಒಂದು ವರ್ಷದ ಮಗುವಾಗಿದ್ದಾಗ ತಂದೆ ತೀರಿಕೊಂಡರು. ಮೂರು ವರ್ಷಕ್ಕೆ ತಾಯಿಯೂ ಹೋದರು. ಸಾಕಿದ್ದು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ.

ಚಿಕ್ಕಂದಿನಲ್ಲಿ ಏರ್‌ಗನ್ ಹಿಡಿದು ಗುಬ್ಬಚ್ಚಿ ಹೊಡೆಯೋದು ಅವರಿಗೆ ಆಟ. ಒಂದು ದಿನ ಹೊಡೆದ ಗುಬ್ಬಿಯ ಕತ್ತಿನಲ್ಲಿ ಹಳದಿ ಗುರುತಿತ್ತು. ಅದು ಯಾವ ಹಕ್ಕಿ ಅಂತ ಮಾವನಿಗೂ ಗೊತ್ತಾಗಲಿಲ್ಲ. ಕೇಳಿಕೊಂಡು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದ ಹುಡುಗನಿಗೆ, ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡ್ ಹಕ್ಕಿಯ ಹೆಸರು ಹೇಳಿದರು. ಸೊಸೈಟಿಯ ಪಕ್ಷಿ ಸಂಗ್ರಹವನ್ನೂ ತೋರಿಸಿದರು. ಹಕ್ಕಿ ಹುಚ್ಚು ಹಿಡಿದಿದ್ದು ಅಲ್ಲೇ.

ಆದರೆ ಕಾಲೇಜು ಹತ್ತಲಿಲ್ಲ. ಓದು ಅರ್ಧಕ್ಕೆ ಬಿಟ್ಟು, ಕುಟುಂಬದ ಗಣಿ ಮತ್ತು ಮರದ ವ್ಯವಹಾರ ನೋಡಿಕೊಳ್ಳಲು ಬರ್ಮಾಕ್ಕೆ ಹೋದರು. ಅದೂ ಕೈಹಿಡಿಯಲಿಲ್ಲ. ವಾಪಸ್ ಬಂದು ಪ್ರಾಣಿಶಾಸ್ತ್ರ ಕಲಿತರೂ ವಿಶ್ವವಿದ್ಯಾಲಯದ ಡಿಗ್ರಿ ಇಲ್ಲದ ಕಾರಣ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಪಕ್ಷಿತಜ್ಞ ಹುದ್ದೆ ತಪ್ಪಿಹೋಯಿತು. 1926ರಲ್ಲಿ ಮುಂಬೈ ಮ್ಯೂಸಿಯಂನಲ್ಲಿ ಗೈಡ್ ಕೆಲಸ ಸಿಕ್ಕಿತು. ರಜೆ ಹಾಕಿ ಬರ್ಲಿನ್‌ಗೆ ಹೋಗಿ, ಪಕ್ಷಿ ವಿಜ್ಞಾನಿ ಎರ್ವಿನ್ ಸ್ಟ್ರೆಸೆಮಾನ್ ಹತ್ತಿರ ತರಬೇತಿ ಪಡೆದು 1930ರಲ್ಲಿ ಮರಳಿದಾಗ ಆ ಹುದ್ದೆಯೇ ರದ್ದಾಗಿತ್ತು.

ಕೆಲಸವಿಲ್ಲದೆ ಪತ್ನಿ ತೆಹ್ಮಿನಾ ಜೊತೆ ಸಮುದ್ರ ತೀರದ ಕಿಹಿಮ್‌ಗೆ ಹೋದರು. ಮನೆ ಹತ್ತಿರವೇ ಗೀಜಗಗಳು ಗೂಡು ಕಟ್ಟುತ್ತಿದ್ದವು. ತಿಂಗಳುಗಟ್ಟಲೆ ಕೂತು ನೋಡಿದರು. ಗಂಡು ಗೀಜಗ ಅರ್ಧ ಗೂಡು ಕಟ್ಟುತ್ತದೆ, ಹೆಣ್ಣು ಬಂದು ಒಪ್ಪಿದರೆ ಪೂರ್ತಿ ಮಾಡಿ ಇನ್ನೊಂದಕ್ಕೆ ಕೈಹಾಕುತ್ತದೆ ಅಂತ ಕಂಡುಕೊಂಡರು. ಆ ಬರಹ ಅವರಿಗೆ ಹೆಸರು ತಂದಿತು.

ಆಮೇಲೆ ಸಂಸ್ಥಾನಗಳ ಪಕ್ಷಿ ಸಮೀಕ್ಷೆಗೆ ಇಳಿದರು. ಸಂಬಳ ಬೇಡ, ಓಡಾಟ ಮತ್ತು ಕ್ಯಾಂಪ್ ಖರ್ಚು ಕೊಟ್ಟರೆ ಸಾಕು ಅನ್ನೋದು ಅವರ ಷರತ್ತು. ಹೈದರಾಬಾದ್, ತಿರುವಾಂಕೂರು ಸುತ್ತಿದರು. 1939ರಲ್ಲಿ ಶಸ್ತ್ರಚಿಕಿತ್ಸೆ ನಂತರ ತೆಹ್ಮಿನಾ ತೀರಿಕೊಂಡರು. ಆ ದುಃಖದಲ್ಲೂ ಕೆಲಸ ಬಿಡದೆ ಮೈಸೂರು ಸಂಸ್ಥಾನದ ಹಕ್ಕಿಗಳನ್ನು ದಾಖಲಿಸಿದರು.

ಹಾಗೆ ಓಡಾಡುವಾಗ ಕಣ್ಣಿಗೆ ಬಿದ್ದಿದ್ದೇ ಶ್ರೀರಂಗಪಟ್ಟಣದ ಪಕ್ಕದ ಈ ತಿಟ್ಟುಗಳು. ಹಿಂದಿನ ಒಡೆಯರ ಕಾಲದಲ್ಲಿ ನದಿಗೆ ಕಟ್ಟೆ ಕಟ್ಟಿದ್ದರಿಂದ ಉಂಟಾದ ನಡುಗಡ್ಡೆಗಳಿವು. ಸುತ್ತಲೂ ನೀರು, ಕೈಗೆಟುಕುವಷ್ಟರಲ್ಲೇ ಮೀನು. ಗೂಡಿಗೆ ಇದಕ್ಕಿಂತ ಒಳ್ಳೆ ಜಾಗ ಸಿಗೋದು ಕಷ್ಟ. ಇದನ್ನು ಕಾಪಾಡಬೇಕು ಅಂತ ಸಲೀಂ ಅಲಿ ಮೈಸೂರು ಅರಸರ ಮನವೊಲಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು.

ಮರುವರ್ಷ ಬಂದ ಅವರ ಭಾರತೀಯ ಪಕ್ಷಿಗಳ ಪುಸ್ತಕ ಸಾಮಾನ್ಯ ಜನರಿಗೂ ಹಕ್ಕಿ ಗುರುತಿಸೋದು ಕಲಿಸಿತು. ರಾಜಸ್ಥಾನದ ಭರತ್‌ಪುರ ಮತ್ತು ಕೇರಳದ ಸೈಲೆಂಟ್ ವ್ಯಾಲಿ ಉಳಿಯಲೂ ಅವರು ದನಿ ಎತ್ತಿದರು. ಅಂತರರಾಷ್ಟ್ರೀಯ ಗೆಟ್ಟಿ ಪ್ರಶಸ್ತಿಯ 50,000 ಡಾಲರ್ ಹಣ ಪಕ್ಷಿ ಸಂರಕ್ಷಣೆಗೆ ಹೋಯಿತು. ಡಿಗ್ರಿ ಇಲ್ಲದ ಅವರಿಗೆ ವಿಶ್ವವಿದ್ಯಾಲಯಗಳೇ ಗೌರವ ಡಾಕ್ಟರೇಟ್ ಕೊಟ್ಟವು. 1976ರಲ್ಲಿ ಪದ್ಮವಿಭೂಷಣ ಬಂತು. 1987ರಲ್ಲಿ, 90ನೇ ವಯಸ್ಸಿನಲ್ಲಿ ನಿಧನರಾದರು.

2022ರಲ್ಲಿ ರಂಗನತಿಟ್ಟು ರಾಮ್ಸರ್ ಪಟ್ಟಿಗೆ ಸೇರಿತು. ಆದರೂ ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟಾಗ ತಿಟ್ಟುಗಳು ಮುಳುಗುತ್ತವೆ, ತಗ್ಗಿನಲ್ಲಿರೋ ಗೂಡುಗಳು ಕೊಚ್ಚಿಹೋಗುತ್ತವೆ. ನೀರು ಇಳಿದ ಮೇಲೆ ಹಕ್ಕಿಗಳು ಮತ್ತೆ ಅದೇ ಮರಗಳಿಗೆ ಕಡ್ಡಿ ತರುತ್ತವೆ. ಸಲೀಂ ಅಲಿ ಅಂದು ಕೇಳಿಕೊಂಡಿದ್ದು ಅಷ್ಟು ಜಾಗವನ್ನೇ.