ಒಂದೂ ಗರಿ ಕಳೀಬಾರದು: ಹಳಕಟ್ಟಿಯವರು ಮತ್ತು ನಮ್ಮ ಲಾಗ್ ಕ್ಯೂ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಮಿನಿ ಪ್ರಾಜೆಕ್ಟ್‌ನ ಲಾಗ್ ಸರ್ವರ್ ಒಂದು ರಾತ್ರಿ ಬಂದ್ ಆಯ್ತು. ಲಾಗ್ ಕಳಿಸುವ ಮಷಿನ್‌ನಲ್ಲಿ ಆರ್‌ಸಿಸ್‌ಲಾಗ್ ಇತ್ತು. ಮೆಸೇಜ್‌ಗಳು ಮೆಮೊರಿಯ ಕ್ಯೂನಲ್ಲಿ ಸರ್ವರ್‌ಗಾಗಿ ಕಾಯ್ತಾ ಇದ್ದವು. ಬೆಳಿಗ್ಗೆ ನಾನೇ ಹೋಗಿ ಆ ಮಷಿನ್ ರೀಸ್ಟಾರ್ಟ್ ಮಾಡಿದೆ. ರಾತ್ರಿಯ ಡೇಟಾ ಎಲ್ಲಾ ಹೋಯ್ತು.

ಸಂಜೆ ದುರ್ಗದಬೈಲ್‌ನಲ್ಲಿ ಗಿರ್ಮಿಟ್ ತಿನ್ನುವಾಗ ವಿಜಯಪುರದ ನನ್ನ ರೂಮ್‌ಮೇಟ್ ಅವರ ಊರಿನ ಹಳಕಟ್ಟಿಯವರ ಕಥೆ ಹೇಳಿದ. ಅದು ನನ್ನ ತಪ್ಪಿನ ಕಥೆಯೇ ಅನ್ನಿಸಿತು, ಆದರೆ ಅವರು ತಪ್ಪು ಮಾಡಲಿಲ್ಲ.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿ ಹುಟ್ಟಿದ್ದು ಇಲ್ಲೇ ಪಕ್ಕದ ಧಾರವಾಡದಲ್ಲಿ, 1880ರ ಜುಲೈ 2ರಂದು. ಮುಂಬೈಯಲ್ಲಿ ಓದಿ, ವಿಜಯಪುರದಲ್ಲಿ ವಕೀಲರಾದರು. ಆರಾಮಾಗಿ ದುಡ್ಡು ಮಾಡಬಹುದಿತ್ತು. ಆದರೆ ವಚನಗಳ ತಾಳೆಗರಿ ಕಂಡ ಮೇಲೆ ಅವರ ಜೀವನವೇ ಬೇರೆ ಆಯ್ತು.

12ನೇ ಶತಮಾನದ ಶರಣರ ವಚನಗಳು ಮಠಗಳಲ್ಲಿ, ಮನೆಗಳ ಜಗಲಿ ಮೇಲೆ ಗಂಟು ಕಟ್ಟಿ ಇಟ್ಟಿದ್ದವು. ಪೂಜೆ ಆಗ್ತಿತ್ತು, ಓದುವವರು ಕಮ್ಮಿ. ಹುಳ ಹಿಡಿದರೆ ಮುಗೀತು, ಎಷ್ಟೋ ಕಡೆ ಬ್ಯಾಕಪ್ ಇಲ್ಲ. ಹಳಕಟ್ಟಿಯವರು ಊರೂರು ತಿರುಗಿ ಗರಿಗಳನ್ನು ಕೂಡಿಸಿದರು, ಕಾಗದಕ್ಕೆ ನಕಲು ಮಾಡಿದರು. ಅಚ್ಚು ಹಾಕುವವರು ಯಾರು ಅನ್ನೋದು ಆಮೇಲಿನ ಮಾತು, ಮೊದಲು ಉಳಿಯುವ ಜಾಗಕ್ಕೆ ಬರೆದಿಡಬೇಕು.

ಆರ್‌ಸಿಸ್‌ಲಾಗ್‌ನಲ್ಲೂ ಇದೇ ಮೊದಲ ಹೆಜ್ಜೆ. ನಾನು ಕ್ಯೂಗೆ ಫೈಲ್ ಹೆಸರು ಕೊಟ್ಟಿರಲಿಲ್ಲ. ಅದನ್ನು ಕೊಟ್ಟರೆ, ಮೆಮೊರಿ ತುಂಬುತ್ತಾ ಬಂದಾಗ ಮೆಸೇಜ್‌ಗಳು ಡಿಸ್ಕ್‌ಗೆ ಹೋಗ್ತವೆ. ಜೊತೆಗೆ ಸೇವ್ ಆನ್ ಶಟ್‌ಡೌನ್ ಆನ್ ಮಾಡಿದರೆ, ಸರಿಯಾಗಿ ಬಂದ್ ಮಾಡುವಾಗ ಮೆಮೊರಿಯಲ್ಲಿ ಉಳಿದದ್ದೂ ಡಿಸ್ಕ್ ಸೇರುತ್ತೆ.

ಮುಂದಿನ ತೊಂದರೆ, ಆ ಕಡೆಯವರು ತಗೊಳ್ಳದಿದ್ದರೆ? ಹಳಕಟ್ಟಿಯವರು ವಚನಗಳ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿಗೆ ಕಳಿಸಿದಾಗ ಅದು ವಾಪಸ್ ಬಂತು. ಅವರು ಬಿಡಲಿಲ್ಲ. ಬೆಳಗಾವಿಯಲ್ಲಿ ಮುದ್ರಿಸಿದರು, ವಚನಶಾಸ್ತ್ರಸಾರದ ಮೊದಲ ಭಾಗ 1923ರಲ್ಲಿ ಹೊರಬಂತು. ಆಮೇಲೆ 1925ರಲ್ಲಿ ವಿಜಯಪುರದಲ್ಲಿ ತಮ್ಮದೇ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ಶಿವಾನುಭವ ಪತ್ರಿಕೆ.

ನಮ್ಮಲ್ಲಿ ಇದಕ್ಕೆ ರೀಸೂಮ್ ರಿಟ್ರೈ ಕೌಂಟ್ ಅಂತ ಇದೆ. ಡೀಫಾಲ್ಟ್ 0, ಅಂದರೆ ಮರುಪ್ರಯತ್ನ ಇಲ್ಲ. ಮೈನಸ್ 1 ಕೊಟ್ಟರೆ ಸರ್ವರ್ ಏಳುವವರೆಗೂ ಪ್ರಯತ್ನ ನಡೆದೇ ಇರುತ್ತೆ. ಆದರೆ ಯುಡಿಪಿಯಲ್ಲಿ ಕಳಿಸಿದರೆ ಮೆಸೇಜ್ ತಲುಪಿತೋ ಇಲ್ಲವೋ ಗೊತ್ತೇ ಆಗಲ್ಲ. ಟಿಸಿಪಿ ಅದಕ್ಕಿಂತ ವಾಸಿ. ತಲುಪಿದ್ದಕ್ಕೆ ಉತ್ತರ ಕೇಳುವ ರೆಲ್ಪ್ ಇನ್ನೂ ಗಟ್ಟಿ.

ಡಿಸ್ಕ್‌ಗೂ ಒಂದು ಮಿತಿ ಇದೆ. ಅದೂ ತುಂಬಿದರೆ ಮತ್ತೆ ಕಳ್ಕೊಳ್ತೀವಿ. ಹಳಕಟ್ಟಿಯವರ ಮಿತಿ ದುಡ್ಡು. ಅದು ಖಾಲಿಯಾದಾಗ ಅವರು ಕೆಲಸ ನಿಲ್ಲಿಸಲಿಲ್ಲ, ಮನೆ ಮಾರಿ ಬಾಡಿಗೆ ಮನೆಗೆ ಹೋದರು. ಹೀಗೆ ಇನ್ನೂರಕ್ಕೂ ಹೆಚ್ಚು ವಚನಕಾರರು ಬೆಳಕಿಗೆ ಬಂದರು.

1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1964ರ ಜೂನ್ 29ರಂದು ತೀರಿಕೊಂಡರು. ಈಗ ಜುಲೈ 2 ವಚನ ಸಂರಕ್ಷಣಾ ದಿನ.

ನಾವು ಕಾನ್ಫಿಗ್ ಸರಿಮಾಡಿ ಮತ್ತೆ ಟೆಸ್ಟ್ ಮಾಡಿದ್ವಿ. ಸರ್ವರ್‌ನ ಕೇಬಲ್ ಕಿತ್ತು, ಸಾವಿರ ಮೆಸೇಜ್ ಕಳಿಸಿ, ಮಷಿನ್ ರೀಸ್ಟಾರ್ಟ್ ಮಾಡಿ, ಕೇಬಲ್ ವಾಪಸ್ ಹಾಕಿ ಎಣಿಸಿದ್ವಿ. ಸಾವಿರವೂ ಬಂದಿದ್ದವು. ನೀವೂ ರಿವ್ಯೂ ಹಿಂದಿನ ದಿನ ಅಲ್ಲ, ಇವತ್ತೇ ಒಮ್ಮೆ ಎಣಿಸಿ ನೋಡ್ರಿ.