ಶಂಕರ್‌ನಾಗ್ ಕಟ್ಟಿದ ಸದ್ದಿನ ಮನೆ

ಆಟೋ ಹಿಂದಿನ ಸ್ಟಿಕ್ಕರ್ ನೋಡಿ ಶಂಕರ್‌ನಾಗ್ ಗೊತ್ತು ಅಂದ್ಕೊಂಡಿದ್ದೇವೆ. 1954ರಲ್ಲಿ ಹುಟ್ಟಿದ ಈ ನಟನಿಗೆ ಯಂತ್ರಗಳ ಹುಚ್ಚೂ ಇತ್ತು. ಆಗುಂಬೆಯಲ್ಲೇ 'ಮಾಲ್ಗುಡಿ ಡೇಸ್' ಚಿತ್ರೀಕರಿಸಿ ದೂರದರ್ಶನದಲ್ಲಿ ದೇಶಕ್ಕೆಲ್ಲ ತೋರಿಸಿದರು. ಧ್ವನಿಮುದ್ರಣಕ್ಕೆ ಕನ್ನಡ ಸಿನಿಮಾ ಮದ್ರಾಸಿಗೆ ಓಡುತ್ತಿದ್ದಾಗ ಬೆಂಗಳೂರಲ್ಲೇ 'ಸಂಕೇತ್' ಸ್ಟುಡಿಯೋ ಕಟ್ಟಿದರು. ನನ್ನ ಪ್ರಕಾರ ಅದು ಭಾಷಣಕ್ಕಿಂತ ದೊಡ್ಡ ಕನ್ನಡ ಚಳವಳಿ.

ಅದು ಟೇಪಿನ ಕಾಲ. ಒಂದೊಂದು ನಕಲಿಗೂ ಸುಯ್ ಅನ್ನೋ ಸದ್ದು ಸೇರಿಕೊಳ್ತಿತ್ತು. ಈಗ ವಿಡಿಯೋದ ಧ್ವನಿ ಸಾಮಾನ್ಯವಾಗಿ ಸೆಕೆಂಡಿಗೆ 48,000 ಅಂಕಿಗಳಾಗಿ ಕೂರುತ್ತೆ. ಅಂಕಿಗಳನ್ನು ಹಾಗೇ ನಕಲು ಮಾಡಿದರೆ ಏನೂ ಸವೆಯಲ್ಲ. ಶಿರಾದ ತಾವರೆಕೆರೆಯಲ್ಲಿ ಒಂದು ಮೊಬೈಲ್ ಇದ್ದರೂ ಈ ಕೆಲಸ ಆಗುತ್ತೆ.

ಆ ಕಾಲ ನೋಡಲು ಶಂಕರ್ ಉಳಿಯಲಿಲ್ಲ. ತಾವರೆಕೆರೆ ಹಾದುಹೋಗುವ ಅದೇ ಪುಣೆ ಹೆದ್ದಾರಿಯಲ್ಲಿ, ದಾವಣಗೆರೆ ಹತ್ತಿರದ ಆನಗೋಡು ಬಳಿ, 1990ರ ಸೆಪ್ಟೆಂಬರ್ 30ರಂದು ಅಪಘಾತ. ವಯಸ್ಸು 35.